ಬ್ಯಾಟರಿಗೆ ಹಚ್ಚಿದ ವಿಭೂತಿ

ಆಗ ನನಗೆ ಐವತ್ತೊಂದು. ಇಪ್ಪತ್ತೈದು ವರ್ಷದ ಹಿಂದಿನ ಮಾತು. ವಯಸ್ಸನ್ನು ಅಂದಾಜಿನ ಮೇಲೆ ಹೇಳುತ್ತಿಲ್ಲ. ನಾನು ಹುಟ್ಟಿದ ವರ್ಷವೇ ನನ್ನ ತವರಿನಲ್ಲಿ ಬಾವಿ ಕಟ್ಟಿಸಿದರು, ಅದರ ಕಲ್ಲಿನ ಮೇಲೆ ಇಸವಿ ಕೆತ್ತಿಸಿದ್ದಾರೆ. ನನ್ನ ಶಾಲೆ ಎರಡನೆಯ ಇಯತ್ತೆಗೆ ಮುಗಿಯಿತು. ಆ ಕಲ್ಲನ್ನು ಮಾತ್ರ ನಾನು ತಪ್ಪಿಲ್ಲದೆ ಓದುತ್ತೇನೆ.

ಕೊಟ್ಟ ಮನೆ ಸವದತ್ತಿ ತಾಲೂಕಿನಲ್ಲಿ, ಚಚಡಿಯಿಂದ ಆಚೆ. ಯಜಮಾನಿಕೆ ನನ್ನ ಗಂಡನ ಅಣ್ಣನದು, ಅಂದರೆ ನನ್ನ ಭಾವನವರದು. ನನ್ನ ಗಂಡ ತಮ್ಮ. ಅಣ್ಣ ಹೂಂ ಎಂದರೆ ಹೂಂ, ಊಹೂಂ ಎಂದರೆ ಊಹೂಂ. ಗಂಡನ ವಿಚಾರ ಇಷ್ಟು ಸಾಕು.

ನಮ್ಮ ಕಡೆ ತಮ್ಮನ ಹೆಂಡತಿ ಭಾವನ ಮುಂದೆ ನಿಂತು ಮಾತಾಡುವ ಹಾಗಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ಬಾಗಿಲ ಮರೆಗೆ ನಿಂತು, ಬೇರೆ ಯಾರಿಗೋ ಹೇಳಿದಂತೆ ಹೇಳಬೇಕು. ಯಾರೂ ಇಲ್ಲದಿದ್ದರೆ ಪಡಸಾಲೆಯ ಕಂಬಕ್ಕೆ ಹೇಳಬೇಕು. ಊಟಕ್ಕೆ ಆಗಿದೆ ಅನ್ನು ಎಂದು ನಾನು ಕಂಬಕ್ಕೆ ಹೇಳಿದರೆ ಭಾವನವರು ಎದ್ದು ಕೈ ತೊಳೆಯುತ್ತಿದ್ದರು. ರೊಟ್ಟಿ ಸಾಕು, ಮಜ್ಜಿಗೆ ತಾ ಅನ್ನು ಎಂದು ಅವರೂ ಅದೇ ಕಂಬಕ್ಕೆ ಹೇಳುತ್ತಿದ್ದರು. ಮೂವತ್ತಮೂರು ವರ್ಷ ಹೀಗೆ ನಡೆಯಿತು. ಆ ಸಾಗವಾನಿ ಕಂಬಕ್ಕೆ ನಮ್ಮ ಮನೆಯ ಗುಟ್ಟೆಲ್ಲ ಗೊತ್ತು.

ಭಾವನವರಿಗೆ ಒಂದು ಬಿಳಿ ಕಾರು ಇತ್ತು. ಸಕ್ಕರೆ ಕಾರ್ಖಾನೆಯ ಡೈರೆಕ್ಟರ್ ಆಗಬೇಕೆಂದು ಚುನಾವಣೆಗೆ ನಿಂತಾಗ ಅದರ ತಲೆಯ ಮೇಲೆ ಕಹಳೆಯಂಥ ಮೈಕು ಕಟ್ಟಿಸಿದರು. ಮತ ಹಾಕುವ ದಿನ ಕಾರ್ಖಾನೆಯ ಗೇಟಿನ ಹೊರಗೆ ಕಾರು ನಿಲ್ಲಿಸಿ, ಎಂಜಿನ್ ಬಂದ್ ಮಾಡಿಸಿ, ಮುಂಜಾನೆಯಿಂದ ಮಧ್ಯಾಹ್ನದವರೆಗೆ ಮೈಕಿನಲ್ಲಿ ಮಾತಾಡಿದರು. ಮೈಕಿಗೆ ಕರೆಂಟು ಕಾರಿನ ಬ್ಯಾಟರಿಯದೇ. ಮಾತು ಮುಗಿಯುವಷ್ಟರಲ್ಲಿ ಬ್ಯಾಟರಿಯೂ ಮುಗಿದಿತ್ತು. ಹೊರಡೋಣವೆಂದರೆ ಕಾರು ಉಸಿರೆತ್ತಲಿಲ್ಲ. ಕಬ್ಬಿನ ಗಾಡಿಯವರು ಕೂಡಿ ಅದನ್ನು ಗೇಟಿನಿಂದ ದೊಡ್ಡ ರಸ್ತೆಯವರೆಗೆ ನೂಕಿದರು. ಭಾವನವರು ಒಳಗೇ ಕುಳಿತಿದ್ದರು. ಇಳಿದರೆ ಮರ್ಯಾದೆ ಹೋಗುತ್ತದೆ ಎಂದುಕೊಂಡಿದ್ದರಂತೆ. ನೂಕುವವರಲ್ಲಿ ಯಾರೋ ಕೇಳಿದನಂತೆ:

"ಗೌಡ್ರ, ಕಾರ್ ನಡಸಾಕ ಬರವಲ್ದು. ಕಾರ್ಖಾನಿ ಹೆಂಗ ನಡಸ್ತೀರಿ?"

ಹದಿನೇಳು ಮತದಿಂದ ಸೋತರು. ಕಾರು ನೂಕಿದವರು ಹದಿನೇಳಕ್ಕಿಂತ ಹೆಚ್ಚು ಜನ ಇದ್ದರು, ಅವರೆಲ್ಲ ನೂಕಿದ ಮೇಲೆ ಹೋಗಿ ಮತ ಹಾಕಿದರು ಎಂದು ಭಾವನವರು ಲೆಕ್ಕ ಹಿಡಿದರು. ಆದ್ದರಿಂದ ಸೋಲಿಸಿದ್ದು ನೂಕಾಟ. ಮೈಕಿನಲ್ಲಿ ಆಡಿದ ಮಾತಿಗೂ ಸೋಲಿಗೂ ಸಂಬಂಧವಿರಬಹುದು ಎಂದು ಮನೆಯಲ್ಲಿ ಯಾರೂ ಅನ್ನಲಿಲ್ಲ.

ಸೋತವರು ಗಡ್ಡ ಬಿಡುತ್ತಾರೆ, ಚಪ್ಪಲಿ ಬಿಡುತ್ತಾರೆ. ಗಡ್ಡ ಬಿಟ್ಟರೆ ಭಾವನವರಿಗೆ ತುರಿಕೆ, ಚಪ್ಪಲಿ ಬಿಟ್ಟರೆ ಹಿಮ್ಮಡಿ ನೋವು. ಹಾಗಾಗಿ ಕಾರು ಬಿಟ್ಟರು. ಮುಂದಿನ ಚುನಾವಣೆಗೆ ಅರ್ಜಿ ಹಾಕಲು ಹೋಗುವ ದಿನವೇ ಈ ಕಾರಿನಲ್ಲಿ ಕೂರುವುದು, ಅಂದು ಅದು ಯಾರ ಕೈಯೂ ತಾಗದೆ ತಾನಾಗಿ ಎದ್ದು ಹೋಗಬೇಕು, ಊರೆಲ್ಲ ನೋಡಬೇಕು. ಇದು ಅವರ ಪಣ. ಐದು ವರ್ಷದ ಪಣ. ಡ್ರೈವರನನ್ನು ಬಿಡಿಸಿ ಕಾರನ್ನು ಎತ್ತಿನ ಕೊಟ್ಟಿಗೆಯ ಒಂದು ಮೂಲೆಗೆ ಸೇರಿಸಿದರು. ಅಂದಿನಿಂದ ನಮ್ಮ ಮನೆಯಲ್ಲಿ ನೂಕು ಎನ್ನುವ ಶಬ್ದ ಬಂದ್. ಬಾಗಿಲನ್ನು ಸರಿಸು ಅನ್ನಬೇಕು, ತೊಟ್ಟಿಲನ್ನು ತೂಗು ಅನ್ನಬೇಕು. ಬೀಸುವ ಕಲ್ಲಿನ ಹತ್ತಿರ ಸೊಸೆಯೊಬ್ಬಳು ಬಾಯಿ ತಪ್ಪಿ ಅದನ್ನು ಅಂದಳು. ಭಾವನವರು ಎರಡು ಹೊತ್ತು ಉಣ್ಣಲಿಲ್ಲ. ಮೂರನೆಯ ಹೊತ್ತು ಎರಡರಷ್ಟು ಉಂಡರು, ಅದು ಬೇರೆ.

ಕಾರಿನ ಜೋಪಾನ ಹೇಗೆ ನಡೆಯಿತೆಂದರೆ, ಪೂಜೆಯಿಂದ. ಪ್ರತಿ ಅಮಾವಾಸ್ಯೆಗೆ ಕಾರು ತೊಳೆಯುವುದು, ನಾಲ್ಕು ಗಾಲಿಯ ಕೆಳಗೆ ನಾಲ್ಕು ನಿಂಬೆಹಣ್ಣು ಇಡುವುದು. ಬಾನೆಟ್ ಎತ್ತಿ ಎಂಜಿನ್ನಿಗೆ ಕುಂಕುಮ. ಬ್ಯಾಟರಿಯೇ ಕಾರಿನ ಜೀವ ಎಂದು ಯಾರೋ ಹೇಳಿದ್ದರಿಂದ ಅದಕ್ಕೆ ಮಾತ್ರ ವಿಭೂತಿ. ಭಾವನವರು ಗಟ್ಟಿಯನ್ನು ನೀರಲ್ಲಿ ಅದ್ದಿ, ಮೂರು ಬೆರಳಿಂದ, ಬ್ಯಾಟರಿಯ ಈ ಬದಿಯ ಸೀಸದ ಗೂಟದಿಂದ ಆ ಬದಿಯ ಗೂಟದವರೆಗೆ ದಪ್ಪಗೆ ಎಳೆಯುತ್ತಿದ್ದರು. ತಮ್ಮ ಹಣೆಗೂ ಅಷ್ಟು ಹಚ್ಚಿಕೊಳ್ಳುತ್ತಿರಲಿಲ್ಲ. ಆಮೇಲೆ ಅವರ ಮಗ ಕೀಲಿ ತಿರುವಿ ಕಾರು ಸ್ಟಾರ್ಟ್ ಮಾಡಿ, ನಿಂಬೆಹಣ್ಣು ಚಚ್ಚುವಷ್ಟು ಮುಂದೆ ಒಯ್ದು, ಹಿಂದೆ ತಂದು ಬಂದ್ ಮಾಡುತ್ತಿದ್ದ. ಒಂದೇ ಏಟಿಗೆ ಎದ್ದಿತು ಎಂದು ಎಲ್ಲರೂ ಕೈ ಮುಗಿದು ಹೋಳಿಗೆ ಉಣ್ಣಲು ಒಳಗೆ ಬರುತ್ತಿದ್ದರು.

ನಾನು ಒಳಗಿನಿಂದ ಸದ್ದು ಕೇಳುತ್ತಿದ್ದೆ. ಮೊದಲ ಅಮಾವಾಸ್ಯೆಗೆ ಗಂಡಸಿನ ಹಾಗೆ ಎದ್ದಿತು. ಮೂರನೆಯದಕ್ಕೆ ಕೆಮ್ಮಿ ಎದ್ದಿತು. ಆರನೆಯದಕ್ಕೆ ನರಳಿತು. ಎಂಟನೆಯದಕ್ಕೆ ಟಿಕ್ ಎಂದು ಸುಮ್ಮನಾಯಿತು. ಹೊಸ ಬ್ಯಾಟರಿ ತಂದರು. ಅದಕ್ಕೂ ಅದೇ ವಿಭೂತಿ, ಅದೇ ನಿಂಬೆಹಣ್ಣು. ವರ್ಷ ತುಂಬುವುದರೊಳಗೆ ಅದೂ ಟಿಕ್.

ಎರಡು ಸತ್ತ ಮೇಲೆ ಭಾವನವರು ಪೂಜೆ ಮಾಡಿಸುವ ಅಯ್ಯನವರನ್ನು ಕರೆಸಿ ಕೇಳಿದರು. ಅಯ್ಯನವರು ಕಣ್ಣು ಮುಚ್ಚಿ ವಿಚಾರ ಮಾಡಿ, ಹೊರಗಾದ ಹೆಂಗಸು ಕೊಟ್ಟಿಗೆಗೆ ಬಂದದ್ದೇ ಕಾರಣ ಅಂದರು. ಸೂತಕವಿಲ್ಲ ಎಂದು ಸಾರಿದ ಧರ್ಮ ನಮ್ಮದು. ಮನುಷ್ಯರಿಗೆ ಇಲ್ಲದ ಸೂತಕ ಬ್ಯಾಟರಿಗೆ ಬಂತು. ಅಂದಿನಿಂದ ಮನೆಯ ಸೊಸೆಯಂದಿರು, ಸೆಗಣಿ ಬಾಚುವವಳು, ಹಾಲು ಹಿಂಡುವವಳು, ಯಾರೂ ಕೊಟ್ಟಿಗೆಯ ಹೊಸ್ತಿಲು ದಾಟುವ ಹಾಗಿಲ್ಲ. ಎತ್ತಿಗೆ ನೀರು ಬೇಕಾದರೂ ಗಂಡಸರೇ ಹೋಗಬೇಕು. ಗಂಡಸರು ಹೋಗುತ್ತಿರಲಿಲ್ಲ, ಎತ್ತು ಒದರುತ್ತಿದ್ದವು.

ಭಾವನವರ ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು, ನನ್ನದು ನಿಂತು ಎರಡು ವರ್ಷವಾಗಿತ್ತು. ಹಾಗಾಗಿ ಹೆಂಗಸರಲ್ಲಿ ನಾನೊಬ್ಬಳು ಹೋಗಬಹುದು ಎಂದಾಯಿತು. ಕೊಟ್ಟಿಗೆಯ ಕೀಲಿ ನನ್ನ ಸೊಂಟಕ್ಕೆ ಬಂದದ್ದು ಹೀಗೆ. ನಾಲ್ಕು ಜನ ಬಾಚುತ್ತಿದ್ದ ಸೆಗಣಿಯನ್ನು ನಾನೊಬ್ಬಳೇ ಬಾಚಬೇಕಾಯಿತು. ಹೊಸದಾಗಿ ತಂದ ಮೂರನೆಯ ಬ್ಯಾಟರಿಯೂ ಸತ್ತರೆ ಮತ್ತೇನು ಹೇಳುತ್ತಾರೋ, ನಮ್ಮನ್ನು ಅಡುಗೆಮನೆಯಿಂದಲೂ ಹೊರಗೆ ಹಾಕುತ್ತಾರೋ ಎಂದು ನನಗೆ ಸಿಟ್ಟು ಬಂತು. ಭಾವನವರ ಪಣದ ಮೇಲೆ ನನಗೆ ಪ್ರೀತಿ ಇತ್ತೆಂದು ಯಾರೂ ತಿಳಿಯಬೇಡಿ. ಬ್ಯಾಟರಿ ಸತ್ತರೆ ಅದು ನಮ್ಮ ತಲೆಗೆ ಬರುತ್ತದೆ, ಅದಕ್ಕೆ ಅದು ಸಾಯಬಾರದು.

ಬೈಲಹೊಂಗಲದಲ್ಲಿ ನನ್ನ ಸ್ವಂತ ಅಣ್ಣ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ ಇಟ್ಟಿದ್ದ. ಟ್ರ್ಯಾಕ್ಟರಿನದು, ಲಾರಿಯದು ಸಾಲಾಗಿ ಇಟ್ಟುಕೊಂಡು ದಿನವೆಲ್ಲ ಅವುಗಳ ಹೊಟ್ಟೆ ನೋಡುವುದು ಅವನ ಕೆಲಸ. ಸತ್ತ ಎರಡನೆಯ ಬ್ಯಾಟರಿಯನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಕಂಡಕ್ಟರ್ ಏನಮ್ಮ ಎಂದು ಕೇಳಿದ. ಬೆಲ್ಲ ಅಂದೆ. ಇಳಿಯುವಷ್ಟರಲ್ಲಿ ಆ ಬೆಲ್ಲ ನನ್ನ ಇಳಕಲ್ ಸೀರೆಯನ್ನು ತಿಂದಿತ್ತು. ಒಗೆದು ಕೊಡವಿದಾಗ ಜರಡಿಯಾಗಿತ್ತು.

ಅಣ್ಣ ಚೀಲ ಬಿಚ್ಚಿದವನೇ ನಕ್ಕ.

"ಯಾಕ ತಂಗಿ, ಇದಕ್ಕ ದೀಕ್ಷಾ ಯಾರ ಕೊಟ್ರು?"

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ನಿಂಬೆಹಣ್ಣಿನ ಮಾತಿಗೆ ಅವನು ನಗು ನಿಲ್ಲಿಸಿದ.

"ಬ್ಯಾಟರಿ ಅಂದ್ರ ಜ್ವಾಳ ತುಂಬಿಡೂ ಹಗೇವು ಇದ್ದಂಗ. ಒಮ್ಮೆ ಸ್ಟಾರ್ಟ್ ಮಾಡಿದ್ರ ಒಂದು ಚೀಲ ಜ್ವಾಳ ಮ್ಯಾಲ ತಗದಂಗ. ಅರ್ಧಾ ತಾಸು ಗಾಡಿ ಓಡಿಸಿದ್ರ ಆ ಚೀಲ ತಿರುಗಿ ಬೀಳತೈತಿ. ನೀವು ನಿಂಬಿಹಣ್ಣ ದಾಟಿಸಿ ಬಂದ್ ಮಾಡ್ತೀರಿ. ತಿಂಗಳಾ ತಗಿಯೂದ ಆತು, ಹಾಕೂದ ಇಲ್ಲ."

ವಿಭೂತಿ ಹಚ್ಚಿದರೆ ಏನು ತಪ್ಪು ಎಂದು ಕೇಳಿದೆ. ಬ್ಯಾಟರಿಯ ತಲೆ ಯಾವಾಗಲೂ ಒಣಗಿರಬೇಕು, ಸ್ವಚ್ಛ ಇರಬೇಕು ಅಂದ. ಒಳಗಿನ ಆಸಿಡ್ಡಿನ ಪಸೆ ಮೇಲೆ ಬಂದಿರುತ್ತದೆ, ಅದರ ಮೇಲೆ ಹಸಿ ವಿಭೂತಿ ಎಳೆದರೆ ಅದು ಈ ಗೂಟದಿಂದ ಆ ಗೂಟಕ್ಕೆ ಕಾಲುದಾರಿ. ಕಾರು ನಿಂತಲ್ಲೇ ನಿಂತರೂ ಕರೆಂಟು ಆ ದಾರಿಯಲ್ಲಿ ಹಗಲೂ ರಾತ್ರಿ ಸೋರುತ್ತದೆ. ಮುಚ್ಚಳದ ಸಂದಿಯಿಂದ ಬೂದಿ ಒಳಗೆ ಬಿದ್ದರಂತೂ ಆಸಿಡ್ಡನ್ನೇ ಕೊಲ್ಲುತ್ತದೆ.

ಅಂದು ಮಧ್ಯಾಹ್ನವೆಲ್ಲ ಅವನು ನನಗೆ ಕಲಿಸಿದ. ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಬ್ಯಾಟರಿಯನ್ನು ಬಿಚ್ಚಿ ಒಳಗೆ ತಂದಿಡಬೇಕು. ಬಿಚ್ಚುವಾಗ ಕಪ್ಪು ವೈರು ಮೊದಲು, ಹಾಕುವಾಗ ಕಪ್ಪು ವೈರು ಕೊನೆಗೆ. ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಒಳಗಿನ ಹಲಗೆಗಳು ಮುಳುಗಿವೆಯೋ ಇಲ್ಲವೋ ನೋಡಬೇಕು, ಕಡಿಮೆಯಾಗಿದ್ದರೆ ಅಂಗಡಿಯಿಂದ ತಂದ ಬ್ಯಾಟರಿ ನೀರು ಹಾಕಬೇಕು. ಬಾವಿಯದಲ್ಲ, ಹೊಳೆಯದಲ್ಲ, ತೀರ್ಥವಂತೂ ಅಲ್ಲ ಎಂದು ಬೆರಳೆತ್ತಿ ಹೇಳಿದ. ಗೂಟಕ್ಕೆ ಬಿಳಿ ಹಸಿರು ಪುಡಿ ಬೂಷ್ಟಿನ ಹಾಗೆ ಕಟ್ಟಿದರೆ ಸೋಡಾ ಹಾಕಿದ ಬಿಸಿನೀರಿಂದ ತೊಳೆದು, ಒರೆಸಿ, ಗ್ರೀಸು ಸವರಬೇಕು. ಆ ನೀರು ಒಳಗೆ ಹೋಗಬಾರದು. ಒಂದು ಗಾಜಿನ ಪಿಚಕಾರಿ ಕೊಟ್ಟ. ಬ್ಯಾಟರಿಯ ನೀರು ಎಳೆದರೆ ಅದರೊಳಗೆ ಒಂದು ಕಡ್ಡಿ ತೇಲುತ್ತದೆ. ಹಸಿರು ಬಣ್ಣದವರೆಗೆ ತೇಲಿದರೆ ಹೊಟ್ಟೆ ತುಂಬಿದೆ, ಬಿಳಿಯಾದರೆ ಅರ್ಧ, ಕೆಂಪಾದರೆ ಉಪವಾಸ. ಓದಲು ಬರದವರಿಗಾಗಿಯೇ ಯಾರೋ ಮಾಡಿದ್ದು. ಹಳೆಯದೊಂದು ಚಾರ್ಜಿಂಗ್ ಪೆಟ್ಟಿಗೆಯನ್ನೂ ಕೊಟ್ಟ.

ಸತ್ತದ್ದನ್ನೂ ಹೊತ್ತುಕೊಂಡು ಮನೆಗೆ ಬಂದು ಇದನ್ನೆಲ್ಲ ಕಂಬಕ್ಕೆ ಹೇಳಿದೆ. ಭಾವನವರು ಅಡಿಕೆ ಕತ್ತರಿಸುತ್ತ ಕೇಳಿದರು. ವಿಭೂತಿಯಿಂದ ಕೆಡುವಂಥದ್ದು ಜಗತ್ತಿನಲ್ಲಿ ಏನೂ ಇಲ್ಲ ಅನ್ನು ಎಂದು ಕಂಬಕ್ಕೆ ಉತ್ತರ ಕೊಟ್ಟರು. ಕಾರನ್ನು ಸ್ಟಾರ್ಟ್ ಮಾಡದೆ ಕೈಯಿಂದಲೇ ಸರಿಸಿ ನಿಂಬೆಹಣ್ಣು ದಾಟಿಸಬಹುದಲ್ಲ ಅಂದೆ. ಸರಿಸುವುದು ಅಂದರೆ ಏನು ಎಂದು ಅವರಿಗೆ ತಿಳಿಯಿತು. ಅಡಕತ್ತರಿ ಕೆಳಗಿಟ್ಟು ಎದ್ದು ಹೋದರು.

ಎಂಟು ದಿನ ಬಿಟ್ಟು ಇನ್ನೊಂದು ದಾರಿ ಹಿಡಿದೆ. ನಮ್ಮಲ್ಲಿ ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲ. ಎಷ್ಟೇ ಹದ ಇರಲಿ, ಅಂದು ನೊಗ ಕೆಳಗೆ. ಭಾವನವರು ಪಡಸಾಲೆಯಲ್ಲಿ ಇದ್ದಾಗ ನಾನು ಕಂಬಕ್ಕೆ ಕೇಳಿದೆ:

"ಅಮಾಸಿಗೆ ಎತ್ತಿಗೆ ನೊಗ ಹಾಕಾಂಗಿಲ್ಲ. ಕಾರ ಮಾತ್ರ ಯಾಕ ಹೂಡ್ತೀರಿ ಅಂತ ಕೇಳು."

ಧರ್ಮದಲ್ಲಿ ಇಷ್ಟು ದೊಡ್ಡ ತಪ್ಪು ತಮ್ಮ ಕೈಯಿಂದಲೇ ನಡೆಯಿತೇ ಎಂದು ಭಾವನವರ ಮುಖ ಸಣ್ಣದಾಯಿತು. ಮರುದಿನ ಅಪ್ಪಣೆಯಾಯಿತು: ಇನ್ನು ಅಮಾವಾಸ್ಯೆಗೆ ಕಾರಿಗೂ ವಿಶ್ರಾಂತಿ. ಪೂಜೆ ಮಾತ್ರ, ಸ್ಟಾರ್ಟ್ ಇಲ್ಲ. ಬ್ಯಾಟರಿ ವಿಜ್ಞಾನ ಒಂದು ವರ್ಷ ಹೇಳಿದ್ದರೂ ಆಗದ ಕೆಲಸ ಎತ್ತಿನ ಹೆಸರಿನಲ್ಲಿ ಒಂದು ದಿನಕ್ಕೆ ಆಯಿತು.

ಉಳಿದದ್ದು ವಿಭೂತಿ. ಅದನ್ನು ಬಿಡಿಸುವುದು ಯಾರಿಂದಲೂ ಆಗದು ಎಂದು ಗೊತ್ತಿತ್ತು, ಆದ್ದರಿಂದ ನಾನು ಬಿಡಿಸಲು ಹೋಗಲಿಲ್ಲ. ಮೂರನೆಯ ಹೊಸ ಬ್ಯಾಟರಿಯನ್ನು ಕಾರಿನಿಂದ ಬಿಚ್ಚಿ ನನ್ನ ಕಾಳಿನ ಕೋಣೆಗೆ ತಂದು, ಹಲಗೆಯ ಮೇಲೆ ಇಟ್ಟೆ. ಅದರ ಜಾಗದಲ್ಲಿ ಸತ್ತ ಎರಡನೆಯದನ್ನು ಕೂರಿಸಿ ವೈರು ಸಿಕ್ಕಿಸಿದೆ. ಅಮಾವಾಸ್ಯೆಗೆ ಭಾವನವರು ಸತ್ತದ್ದಕ್ಕೆ ಭಕ್ತಿಯಿಂದ ಮೂರು ಪಟ್ಟಿ ಎಳೆಯುತ್ತಿದ್ದರು. ಬದುಕಿದ್ದು ಜೋಳದ ಚೀಲದ ಪಕ್ಕದಲ್ಲಿ ಹಸಿರು ತೋರಿಸುತ್ತ ಕುಳಿತಿತ್ತು.

ಈ ಕೆಲಸದಲ್ಲಿ ನನಗೆ ಒಬ್ಬನ ಸಹಾಯ ಬೇಕಿತ್ತು. ಭಾವನವರ ಮಗ ಮೂವತ್ತು ದಾಟಿದವನು, ಎರಡು ಮಕ್ಕಳ ತಂದೆ, ಅಪ್ಪ ಕೆಮ್ಮಿದರೆ ಎದ್ದು ನಿಲ್ಲುವವನು. ಚಿಕ್ಕಮ್ಮ ಅನ್ನುವುದಕ್ಕೆ ನನ್ನನ್ನು ಕಾಕು ಎನ್ನುತ್ತಿದ್ದ. ಕಾರು ಸುಮ್ಮನೆ ನಿಂತರೆ ಎಂಜಿನ್ನೂ ಗಾಲಿಯೂ ಹಿಡಿದುಕೊಳ್ಳುತ್ತವೆ, ಆಗಾಗ ಅರ್ಧ ತಾಸು ಓಡಿಸು ಎಂದು ನನ್ನ ಅಣ್ಣ ಹೇಳಿದ್ದ. ಭಾವನವರು ಬಸ್ಸಿನಲ್ಲಿ ಮುನವಳ್ಳಿ ಸಂತೆಗೆ ಹೋದ ದಿನ ನಾವಿಬ್ಬರೂ ಒಳಗಿನ ಬ್ಯಾಟರಿ ತಂದು ಹಾಕಿ, ಹಿಂದಿನ ಗೇಟಿನಿಂದ ಹೊಲದ ದಾರಿ ಹಿಡಿದು ಕಾಲುವೆಯವರೆಗೆ ಹೋಗಿ ಬರುತ್ತಿದ್ದೆವು. ನಾನು ಯಾಕೆ ಕೂತು ಹೋಗುತ್ತಿದ್ದೆನೆಂದರೆ, ಒಬ್ಬನೇ ಬಿಟ್ಟರೆ ಅವನು ಹೆದರಿ ನಡುದಾರಿಯಲ್ಲೇ ತಿರುಗಿಸುತ್ತಿದ್ದ. ಮೊದಲ ಸಲ ಮುದ್ದೆಯಾಗಿ ಕುಳಿತೆ. ಎರಡನೆಯ ಸಲ ಕಾಲು ಚಾಚಿದೆ. ಮೂರನೆಯ ಸಲ ಬರುವಾಗ ಹೊಲದಿಂದ ಕಡಲೆಗಿಡ ಕಿತ್ತು ತರಲು ಚೀಲ ಒಯ್ದೆ. ಕಾರಿನ ಒಡೆಯ ಪಣ ಹಿಡಿದು ಬಸ್ಸಿನಲ್ಲಿ ತೂಗಾಡುತ್ತಿದ್ದ ಆ ವರ್ಷಗಳಲ್ಲಿ ಕಾರಿನಲ್ಲಿ ಅಡ್ಡಾಡಿದವಳು ನಾನು. ಊರಿಗೆಲ್ಲ ಇದು ಗೊತ್ತಿತ್ತು. ಭಾವನವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ದೊಡ್ಡವರೆಂದು ಊರು ಕೊಡುವ ಮರ್ಯಾದೆಯಲ್ಲಿ ಅದೂ ಸೇರಿದೆ.

ತಿಂಗಳಿಗೊಮ್ಮೆ ಚಾರ್ಜಿಗೆ ಹಾಕುತ್ತಿದ್ದೆ. ಕರೆಂಟು ಇದ್ದಾಗ ಪೆಟ್ಟಿಗೆ ಹಚ್ಚಿ, ಮುಚ್ಚಳ ಸಡಿಲಿಸಿ, ಕಿಟಕಿ ತೆರೆದಿಡುವುದು. ಬ್ಯಾಟರಿ ಅನ್ನದ ಹಾಗೆ ಗುಳುಗುಳು ಕುದಿಯುತ್ತದೆ. ಆಗ ಹೊರಡುವ ಗಾಳಿಗೆ ಕಿಡಿ ತಾಗಿದರೆ ಸಿಡಿಯುತ್ತದೆ ಎಂದು ಅಣ್ಣ ಹೆದರಿಸಿದ್ದ. ಬೀಡಿ ಸೇದುತ್ತ ಒಳಗೆ ಬಂದ ಗಂಡನ ಎದೆಗೆ ಕೈಯಿಟ್ಟು ಹೊರಗೆ ಕಳಿಸಿದೆ. ಇಪ್ಪತ್ತು ವರ್ಷ ನಾನು ಬೈದರೂ ಬಿಡದ ಬೀಡಿಯನ್ನು ಅವರು ಅಂದು ಒಂದು ಡಬ್ಬಿಗೆ ಹೆದರಿ ಆರಿಸಿದರು. ನಾನೂ ಮದುವೆಯಾದ ಹೊಸದರಲ್ಲಿ ಸಿಡಿಯುತ್ತೇನೆ ಎಂದು ಹೇಳಬೇಕಾಗಿತ್ತು.

ಹೀಗೆ ಮೂರು ವರ್ಷ. ನಾಲ್ಕು ಸೀರೆ ತೂತಾದವು. ಕಡ್ಡಿ ಒಮ್ಮೆಯೂ ಕೆಂಪಿಗೆ ಇಳಿಯಲಿಲ್ಲ.

ಚುನಾವಣೆ ಬಂತು. ಅರ್ಜಿ ಹಾಕುವ ದಿನ ಗೊತ್ತಾಯಿತು. ನಾನೂ ಭಾವನವರ ಮಗನೂ ಮಾತಾಡಿಕೊಂಡಿದ್ದೆವು: ಹಿಂದಿನ ದಿನ ಸಂಜೆಯೇ ಸತ್ತದ್ದನ್ನು ತೆಗೆದು ಬದುಕಿದ್ದನ್ನು ಹಾಕಿಬಿಡುವುದು, ಬೆಳಗಾದರೆ ಭಾವನವರು ಕೂರುವುದು, ಕಾರು ಹೋಗುವುದು. ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ.

ಆ ಹಿಂದಿನ ದಿನ ಮಧ್ಯಾಹ್ನವೇ ಭಾವನವರು ಅಯ್ಯನವರನ್ನು ಕರೆದುಕೊಂಡು ಕೊಟ್ಟಿಗೆಗೆ ಹೋದರು. ದೊಡ್ಡ ಪೂಜೆ. ಬ್ಯಾಟರಿಗೆ ವಿಭೂತಿಯ ಜೊತೆ ಬಿಲ್ವಪತ್ರೆಯೂ ಏರಿತು. ಇನ್ನು ಬೆಳಗಿನವರೆಗೆ ಇದನ್ನು ಯಾರೂ ಮುಟ್ಟಬಾರದು ಎಂದು ಅಯ್ಯನವರು ಹೇಳಿದರು. ಭಾವನವರು ಪಡಸಾಲೆಗೆ ಬಂದು, ಕೊಟ್ಟಿಗೆಯ ಕೀಲಿ ಹೊಸ್ತಿಲ ಮೇಲೆ ಇಡು ಅನ್ನು ಎಂದು ಕಂಬಕ್ಕೆ ಹೇಳಿದರು. ಒಂದು ಸಣ್ಣ ಕೆಲಸ ಬಾಕಿ ಇದೆ, ಮುಗಿಸಿ ಕೊಡುತ್ತೇನೆ ಅಂದೆ. ಇಡು ಅನ್ನು ಎಂದು ಇನ್ನೊಮ್ಮೆ ಹೇಳಿದರು. ಇಟ್ಟೆ. ಅವರು ಬೀಗ ಹಾಕಿ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡರು. ಹಿತ್ತಲಿನಲ್ಲಿ ಮಗ ಸಿಕ್ಕಾಗ, ನಿಮ್ಮಪ್ಪನಿಗೆ ನೀನೇ ಹೇಳು ಅಂದೆ. ಅವನು ನನ್ನ ಕಾಲು ಹಿಡಿಯಲು ಬಂದ. ನನಗೆ ಬೇಕಾದದ್ದು ಅವನ ಬಾಯಿ.

ಬೆಳಿಗ್ಗೆ ಅಂಗಳದಲ್ಲಿ ಊರೇ ನಿಂತಿತ್ತು. ಎದುರು ಮನೆಯ ಕಟ್ಟೆಯ ಮೇಲೆ ವಿರೋಧಿ ಪಾರ್ಟಿಯ ಮುದುಕ ಕುಳಿತಿದ್ದ. ಭಾವನವರ ಬಾಲ್ಯದ ಗೆಳೆಯ, ಆಮೇಲೆ ವೈರಿ, ದಿನಾ ಎದುರುಬದುರು ಕುಳಿತು ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಚಹಾ ಕುಡಿಯುವವರು. ಕೊಟ್ಟಿಗೆಯ ದೊಡ್ಡ ಬಾಗಿಲು ತೆರೆದರು. ಭಾವನವರು ಹೊಸ ಧೋತರ, ಹೊಸ ರುಮಾಲಿನಲ್ಲಿ ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತರು. ಐದು ವರ್ಷಕ್ಕೆ ಮೊದಲ ಸಲ. ಸೀಟಿನ ಸಂದಿಯಿಂದ ಕಡಲೆಗಿಡದ ಒಂದು ಒಣ ಕಾಯಿ ಎತ್ತಿ, ತಿರುಗಿಸಿ ನೋಡಿ, ಹೊರಗೆ ಎಸೆದರು.

ಮಗ ಕೀಲಿ ತಿರುವಿದ. ಟಿಕ್.

ಇನ್ನೊಮ್ಮೆ ಅಂದರು. ಟಿಕ್.

ಎದುರು ಕಟ್ಟೆಯ ಮುದುಕ ಎದ್ದು, ಹಿಂದಿನ ಧೂಳು ಕೊಡವಿಕೊಂಡು, ತೋಳು ಏರಿಸುತ್ತ ಕೇಳಿದ:

"ನೂಕಬೇಕೇನ್ರಿ, ಗೌಡ್ರ?"

ಆ ಶಬ್ದ ನಮ್ಮ ಅಂಗಳದಲ್ಲಿ ಬಿದ್ದು ಐದು ವರ್ಷವಾಗಿತ್ತು. ಭಾವನವರ ಕೈ ಕಾರಿನ ಬಾಗಿಲ ಹಿಡಿಕೆಗೆ ಹೋಯಿತು. ಅಯ್ಯನವರು ನಿಧಾನವಾಗಿ ತಲೆ ಎತ್ತಿ ಬಾಗಿಲಲ್ಲಿ ನಿಂತ ಹೆಂಗಸರ ಕಡೆ ನೋಡಿದರು. ಆ ನೋಟ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಕಂಬ ಪಡಸಾಲೆಯಲ್ಲಿ, ಕಾರು ಅಂಗಳದ ಆಚೆ. ಅಲ್ಲಿಂದ ಹೇಳಿದರೆ ಕೇಳುವುದಿಲ್ಲ. ಇಳಿದು ಹೋದೆ. ಸೆರಗು ತಲೆಯ ಮೇಲೇ ಇತ್ತು, ಅದನ್ನು ಬಿಡಲಿಲ್ಲ. ಕಾರಿನ ಕಿಟಕಿಗೆ ಬಂದು ಅವರ ಮುಖ ನೋಡಿ ಹೇಳಿದೆ:

"ಭಾವಾರ, ಅದು ಸತ್ತದ್ದೈತಿ. ಜೀವ ಇದ್ದದ್ದು ನನ್ನ ಕಾಳಿನ ಕೋಲ್ಯಾಗ ಐತಿ."

ಭಾವನವರು ಉತ್ತರ ಹೇಳಲು ಯಾರನ್ನಾದರೂ ಹುಡುಕಿದರು. ಕಾರಿನಲ್ಲಿ ಕಂಬವಿಲ್ಲ. ಕೊನೆಗೆ ಮುಂದಿನ ಸೀಟಿನ ಬೆನ್ನಿಗೆ, ಏನು ಅನ್ನುತ್ತಾಳೆ ಕೇಳು ಅಂದರು.

"ನಿಮಗ ಹೇಳಾಕ ಹತ್ತೇನಿ. ಮೂರು ವರ್ಷ ಹೆಣಕ್ಕ ವಿಭೂತಿ ಹಚ್ಚೀರಿ. ಖರೇ ಬ್ಯಾಟರಿ ನಾ ಇಟ್ಟೇನಿ. ಇಳೀಬ್ಯಾಡ್ರಿ, ಹಂಗ ಕುಂತಿರ್ರಿ."

"ಇದನ್ನ ಮೊದಲ ಯಾಕ ಹೇಳಲಿಲ್ಲ ನೀ?"

ಮೂವತ್ತಮೂರು ವರ್ಷದಲ್ಲಿ ಅವರು ನನ್ನ ಮುಖ ನೋಡಿ ಆಡಿದ ಮೊದಲ ಮಾತು. ಒಳ್ಳೆಯ ಮಾತೇನಲ್ಲ, ಆದರೂ ಮಾತು.

"ನಿಮ್ಮ ಕಂಬಕ್ಕ ಹತ್ತ ಸಲ ಹೇಳೇನಿ. ಅದು ಮುಟ್ಟಿಸಿಲ್ಲ, ನಾ ಏನ ಮಾಡ್ಲಿ?"

ಗುಂಪಿನಲ್ಲಿ ಯಾರೋ ನಕ್ಕರು. ನಾನು ಗಂಡನಿಗೆ ಕೈಸನ್ನೆ ಮಾಡಿದೆ. ಅವರು ಓಡಿ ಹೋಗಿ ಬ್ಯಾಟರಿಯನ್ನು ಎರಡೂ ಕೈಯಲ್ಲಿ ಮಗು ಎತ್ತಿದ ಹಾಗೆ ತಂದರು. ನಾನು ಬಾನೆಟ್ ಎತ್ತಿ, ಬಿಲ್ವಪತ್ರೆ ತೆಗೆದು ಪಕ್ಕಕ್ಕಿಟ್ಟು, ಕಪ್ಪು ವೈರು ಬಿಚ್ಚಿ, ಕೆಂಪು ಬಿಚ್ಚಿ, ಸತ್ತದ್ದನ್ನು ಎತ್ತಿ ಅಯ್ಯನವರ ಕಾಲ ಹತ್ತಿರ ಇಟ್ಟೆ. ಬದುಕಿದ್ದನ್ನು ಕೂರಿಸಿ ಕೆಂಪು ಮೊದಲು, ಕಪ್ಪು ಕೊನೆಗೆ ಬಿಗಿದೆ. ನಟ್ಟು ಬಿಗಿಯುವ ಪಾನೆ ಅತ್ತಿತ್ತ ತಾಗಿದರೆ ಕಿಡಿ ಹಾರುತ್ತದೆ, ಊರು ನನ್ನನ್ನು ನೋಡುತ್ತಿದ್ದರೂ ನಾನು ನೋಡಿದ್ದು ಪಾನೆಯನ್ನೇ.

ಮಗ ಕೀಲಿ ತಿರುವಿದ. ಅರ್ಧ ತಿರುವುವಷ್ಟರಲ್ಲಿ ಕಾರು ಎದ್ದಿತು. ಎತ್ತು ಬೆದರಿ ಹಗ್ಗ ಜಗ್ಗಿದವು. ಎದುರು ಕಟ್ಟೆಯ ಮುದುಕ ಏರಿಸಿದ ತೋಳು ಇಳಿಸಿ ಮತ್ತೆ ಕುಳಿತ. ಭಾವನವರು ನನ್ನ ಕಡೆ ನೋಡದೆ ನೇರವಾಗಿ ಮುಂದೆ ನೋಡುತ್ತ ಹೋದರು.

ಆ ಚುನಾವಣೆಯಲ್ಲೂ ಅವರು ಸೋತರು. ಅದು ತಿಂಗಳಾದ ಮೇಲಿನ ಮಾತು, ಅದರಲ್ಲಿ ಬ್ಯಾಟರಿಯ ತಪ್ಪಿಲ್ಲ.

ಅಂದು ಸಂಜೆ ಅರ್ಜಿ ಹಾಕಿ ಬಂದು ಪಡಸಾಲೆಯಲ್ಲಿ ಕುಳಿತರು. ನಾನು ಬಾಗಿಲ ಮರೆಗೆ ನಿಂತೆ. ಅವರು ಕಂಬಕ್ಕೆ ಹೇಳಿದರು, ಕಾರ್ಖಾನೆಯ ಗೇಟಿನ ಮುಂದೆಯೂ ಒಂದೇ ಏಟಿಗೆ ಎದ್ದಿತು ಅನ್ನು. ಹೂಂ ಅನ್ನು ಅಂದೆ. ಆಮೇಲೆ ನಾನೇ ಹೇಳಿದೆ:

"ಮೂರು ವರ್ಷ ಆ ಬ್ಯಾಟರಿ ಹೆಂಗಸಿನ ಕೈಯಾಗ, ಹೆಂಗಸರ ಕೋಲ್ಯಾಗ ಬದುಕೇತಿ. ನಾಳಿಂದ ಎಲ್ಲಾರೂ ಕೊಟ್ಟಿಗಿಗೆ ಬರತಾರ ಅನ್ನು."

ಅವರು ಅಡಿಕೆ ಕತ್ತರಿಸಿದರು. ಬೇಡ ಅನ್ನಲಿಲ್ಲ. ಕಂಬವೂ ಬೇಡ ಅನ್ನಲಿಲ್ಲ. ಊಟ ಮುಗಿಸಿ ಅವರು ಉಡದಾರದ ಕೀಲಿ ಬಿಚ್ಚಿ ಹೊಸ್ತಿಲ ಮೇಲೆ ಇಟ್ಟು ಹೋದರು.

ಮರುದಿನ ಬೆಳಿಗ್ಗೆ ಮನೆಯ ಸೊಸೆಯಂದಿರನ್ನು, ಹಾಲು ಹಿಂಡುವವಳನ್ನು, ಸೆಗಣಿಯವಳನ್ನು ಕರೆದುಕೊಂಡು ಬೀಗ ತೆಗೆದೆ. ಬಾನೆಟ್ ಎತ್ತಿ ನೋಡಿದೆ. ರಾತ್ರಿ ಕೀಲಿ ಕೊಡುವ ಮೊದಲು ಯಾವಾಗಲೋ ಭಾವನವರು ಬಂದಿದ್ದಾರೆ. ನ‌ನ್ನ ಬದುಕಿದ್ದ ಬ್ಯಾಟರಿಯ ಮೇಲೆ, ಈ ಗೂಟದಿಂದ ಆ ಗೂಟಕ್ಕೆ, ದಪ್ಪಗೆ ಮೂರು ಪಟ್ಟಿ, ಇನ್ನೂ ಪೂರ್ತಿ ಒಣಗಿರಲಿಲ್ಲ. ನಾನು ಒಲೆ ಹೊತ್ತಿಸಿ, ನೀರು ಕಾಯಿಸಿ, ಒಂದು ಹಿಡಿ ಸೋಡಾ ಹಾಕಿದೆ. ಕಪ್ಪು ವೈರು ಬಿಚ್ಚಿ, ಮುಚ್ಚಳಗಳನ್ನು ಬಿಗಿ ಮಾಡಿ, ಮೂರೂ ಪಟ್ಟಿ ತೊಳೆದು, ಒಣ ಬಟ್ಟೆಯಿಂದ ಒರೆಸಿ, ಗೂಟಕ್ಕೆ ಗ್ರೀಸು ಸವರಿ, ಅದನ್ನು ಎತ್ತಿಕೊಂಡು ಕಾಳಿನ ಕೋಣೆಗೆ ಒಯ್ದೆ.